ಪ್ರಾಜೆಕ್ಟಿನ ಜಗಳಕ್ಕೆ ಮಕ್ಕಳಷ್ಟೇ ಹೊಣೆಯಲ್ಲ

ಮೊದಲ ರೂಪಣಾತ್ಮಕ ಮೌಲ್ಯಮಾಪನ ಹತ್ತಿರ ಬಂತೆಂದರೆ ನಮ್ಮ ಹೈಸ್ಕೂಲುಗಳ ಸ್ಟಾಫ್‌ರೂಮಿನ ಬಾಗಿಲಿಗೆ ದೂರು ಹೊತ್ತ ಮಕ್ಕಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ‘ಮಿಸ್, ಇವನು ಏನೂ ಮಾಡ್ಲಿಲ್ಲ, ಹೆಸರು ಮಾತ್ರ ಹಾಕಿಸ್ಕೊಂಡ.’ ‘ಸಾರ್, ನಾನು ಬರೆದಿದ್ದನ್ನ ಅವಳು ಹೊಡೆದು ಹಾಕಿದ್ಲು.’ ‘ನನ್ನನ್ನ ಬೇರೆ ಗ್ರೂಪಿಗೆ ಹಾಕಿ ಸಾರ್.’ ಐವತ್ತು ಮಕ್ಕಳ ತರಗತಿ, ಮುಗಿಯದ ಪಾಠ, ತುಂಬಬೇಕಾದ ದಾಖಲೆಗಳ ನಡುವೆ ಸಿಕ್ಕಿಕೊಂಡ ಮೇಷ್ಟ್ರು ‘ಹೊಂದಿಕೊಂಡು ಹೋಗ್ರೋ’ ಎಂದು ಗದರಿಸಿ ಕಳಿಸುತ್ತಾರೆ. ದೂರು ಮತ್ತೆ ಬಂದರೆ ಗುಂಪನ್ನೇ ಒಡೆದು ಬೇರೆ ಮಾಡುತ್ತಾರೆ. ಹೊಂದಿಕೊಂಡು ಹೋಗು ಅನ್ನಿಸಿಕೊಂಡ ಮಗು ಸುಮ್ಮನಿರುವುದನ್ನು ಕಲಿಯುತ್ತದೆ, ಗುಂಪು ಬದಲಿಸಿಕೊಂಡ ಮಗು ಎದ್ದು ಹೋಗುವುದನ್ನು ಕಲಿಯುತ್ತದೆ. ಎದುರು ಕೂತವನ ಜತೆ ಒಪ್ಪದೆಯೂ ಕೆಲಸ ಮುಂದುವರಿಸುವುದು ಹೇಗೆ ಎಂಬುದನ್ನು ಇಬ್ಬರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ.

ಈ ಜಗಳಗಳಲ್ಲಿ ಬಹುಪಾಲನ್ನು ಹುಟ್ಟಿಸುವವರು ಕೆಲಸ ಹಂಚುವ ನಾವು ದೊಡ್ಡವರು ಎಂದೇ ನಾನು ನಂಬಿದ್ದೇನೆ. ಐದು ಮಕ್ಕಳನ್ನು ಸೇರಿಸಿ, ಒಂದು ವಿಷಯ ಕೊಟ್ಟು, ಒಂದು ಚಾರ್ಟ್ ತನ್ನಿ ಎಂದು ಹೇಳಿ, ಐವರಿಗೂ ಒಂದೇ ಅಂಕ ಹಾಕಿದರೆ ಜಗಳ ಬಾರದಿದ್ದರೇ ಆಶ್ಚರ್ಯ. ಎಸ್ಸೆಸ್ಸೆಲ್ಸಿಯಲ್ಲಿ ನೂರು ಅಂಕದ ವಿಷಯಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನದಿಂದ ಬರುತ್ತದೆ. ಮಗುವಿನ ಮಟ್ಟಿಗೆ ಅದು ಹಗುರವಾದ ಸಂಗತಿಯಲ್ಲ. ಹಾಗೆ ನಾವೇ ಹುಟ್ಟಿಸಿದ ಜಗಳಗಳನ್ನು ಮೊದಲು ಕಡಿಮೆ ಮಾಡಬೇಕು. ಅದಾದ ಮೇಲೂ ಉಳಿಯುವ ಭಿನ್ನಾಭಿಪ್ರಾಯವನ್ನು ಪಾಠದ ಭಾಗವಾಗಿಯೇ ಕಲಿಸಬೇಕು.

ಹೆಚ್ಚು ಕೇಳಿಬರುವ ದೂರು ಕೆಲಸದ ಪಾಲಿನದು. ಕೆಲಸ ಮಾಡದ ಹುಡುಗನನ್ನು ನಾವು ಸೋಮಾರಿ ಎಂದುಬಿಡುತ್ತೇವೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹಗ್ಗಕ್ಕೆ ಕೈಹಾಕುವವರು ಹೆಚ್ಚಾದಷ್ಟೂ ತಲಾ ಒಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಸಂಗಡಿಗರು ಇದನ್ನೇ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದರು. ಅಲ್ಲೂ ಗುಂಪಿನಲ್ಲಿ ಪ್ರತಿಯೊಬ್ಬರ ಸದ್ದು ತಗ್ಗಿತು. ಆದರೆ ಅವರದೇ ಮುಂದಿನ ಪ್ರಯೋಗದಲ್ಲಿ, ಒಬ್ಬೊಬ್ಬರ ಸದ್ದನ್ನೂ ಬೇರೆ ಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಜನ ಒಬ್ಬರೇ ಇದ್ದಾಗಿನಷ್ಟೇ ಜೋರಾಗಿ ಕೂಗಿದರು. ತನ್ನ ಕೆಲಸ ಯಾರಿಗೂ ಕಾಣುವುದಿಲ್ಲ ಎಂದಾದರೆ ಕೈ ತಾನಾಗಿ ಸಡಿಲವಾಗುತ್ತದೆ. ದೊಡ್ಡವರಿಗೇ ಹಾಗಾಗುವಾಗ ಹದಿಮೂರು ವರ್ಷದ ಹುಡುಗನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ.

ಹಾಗೆಯೇ ‘ನಾನೊಬ್ಬಳೇ ಎಲ್ಲಾ ಮಾಡಿದೆ’ ಎಂದು ಅಳುವ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದೂ ತಿಳಿಯಬಾರದು. ಅವಳು ನಂಬಿಯೇ ಹೇಳುತ್ತಿರುತ್ತಾಳೆ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಸಂಶೋಧಕರು 1979ರಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಹೆಚ್ಚಿನ ದಂಪತಿಗಳಲ್ಲಿ ಇಬ್ಬರ ಪಾಲು ಕೂಡಿದಾಗ ನೂರಕ್ಕಿಂತ ಜಾಸ್ತಿ ಆಯಿತು. ನಾವು ಮಾಡಿದ ಕೆಲಸ ನಮಗೆ ಚೆನ್ನಾಗಿ ನೆನಪಿರುತ್ತದೆ, ಜತೆಯವರು ಮಾಡಿದ್ದು ಅರ್ಧ ಕಣ್ಣಿಗೇ ಬಿದ್ದಿರುವುದಿಲ್ಲ. ಐದು ಮಕ್ಕಳ ಗುಂಪಿನಲ್ಲಿ ಈ ಲೆಕ್ಕ ಎಷ್ಟಕ್ಕೆ ಏರಬಹುದು, ಊಹಿಸಿ.

ಇದಕ್ಕೆ ಮದ್ದು ಸುಲಭ. ಗುಂಪಿಗೊಂದು ನೋಟ್‌ಬುಕ್ ಇರಲಿ. ಯಾವ ದಿನ ಯಾರು ಏನು ಮಾಡಿದರು ಎಂದು ಆಯಾ ದಿನವೇ ಒಂದು ಸಾಲು ಬರೆಯಲಿ. ಅಂಕವನ್ನು ಎರಡು ಭಾಗ ಮಾಡಿ, ಒಂದು ಭಾಗ ಗುಂಪಿನ ಕೆಲಸಕ್ಕೆ, ಇನ್ನೊಂದು ಭಾಗ ಪ್ರತಿ ಮಗುವಿಗೆ ಕೇಳುವ ಒಂದೆರಡು ಪ್ರಶ್ನೆಯ ಉತ್ತರಕ್ಕೆ ಎಂದು ಮೊದಲ ದಿನವೇ ಹೇಳಿಬಿಡಿ. ಕೊನೆಯ ದಿನ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ. ಗುಂಪಿನಲ್ಲಿ ನಾಲ್ವರು ಸಾಕು. ಆರೇಳು ಮಕ್ಕಳನ್ನು ಒಂದೇ ಚಾರ್ಟಿನ ಸುತ್ತ ಕೂರಿಸಿದರೆ ಇಬ್ಬರ ಕೈಗಾದರೂ ಸ್ಕೆಚ್ ಪೆನ್ನು ಸಿಗುವುದೇ ಇಲ್ಲ.

ಇನ್ನೊಂದು ಬಗೆಯ ಜಗಳವಿದೆ. ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ, ಏಕೆಂದರೆ ಮಕ್ಕಳು ಅದನ್ನು ನಿಜವಾದ ಹೆಸರಿಟ್ಟು ಹೇಳುವುದಿಲ್ಲ. ಪ್ರಾಜೆಕ್ಟನ್ನು ಮನೆಗೆ ಕಳಿಸಿದ ಗಳಿಗೆಯಿಂದ ಅದು ಶುರುವಾಗುತ್ತದೆ. ಯಾರ ಮನೆಯಲ್ಲಿ ಸೇರುವುದು? ಒಬ್ಬನ ಮನೆ ಬಾಡಿಗೆಯ ಒಂದೇ ಕೋಣೆ, ಅವನು ಕರೆಯಲು ನಾಚುತ್ತಾನೆ. ಒಬ್ಬಳನ್ನು ಸಂಜೆ ಆರರ ಮೇಲೆ ಮನೆಯಿಂದ ಬಿಡುವುದಿಲ್ಲ. ಮತ್ತೊಬ್ಬನ ಕೇರಿಗೆ ಹೋಗಬೇಡ, ಹೋದರೂ ಅಲ್ಲಿ ನೀರು ಕುಡಿಯಬೇಡ ಎಂದು ಅಜ್ಜಿ ಹೇಳಿ ಕಳಿಸಿರುತ್ತಾರೆ. ಈ ಯಾವುದನ್ನೂ ಮಕ್ಕಳು ಬಾಯಿಬಿಟ್ಟು ಹೇಳಲಾರರು. ಶಾಲೆಗೆ ಬಂದಾಗ ದೂರು ಇಷ್ಟೇ ಇರುತ್ತದೆ: ‘ಅವನು ಬರ್ಲೇ ಇಲ್ಲ ಮಿಸ್.’

ದುಡ್ಡಿನದೂ ಇದೇ ಕತೆ. ಥರ್ಮೋಕೋಲ್, ಗ್ಲಿಟರ್ ಪೇಪರ್, ಬಣ್ಣದ ಪ್ರಿಂಟ್, ಎಲ್‌ಇಡಿ ಬಲ್ಬು, ಬ್ಯಾಟರಿ, ಎಲ್ಲ ಸೇರಿ ತಲಾ ನೂರು ರೂಪಾಯಿ ಎಂದು ಒಬ್ಬ ಹೇಳುತ್ತಾನೆ. ಮೂವರು ತರುತ್ತಾರೆ. ನಾಲ್ಕನೆಯವಳು ನಾಳೆ ತರ್ತೀನಿ, ನಾಳೆ ತರ್ತೀನಿ ಎಂದು ದಿನ ದೂಡಿ, ಕೊನೆಗೆ ‘ನನಗೆ ಈ ಮಾಡೆಲ್ಲೇ ಇಷ್ಟ ಇಲ್ಲ’ ಎಂದು ಜಗಳ ತೆಗೆಯುತ್ತಾಳೆ. ಅವಳ ತಕರಾರು ಮಾಡೆಲ್ಲಿನ ಮೇಲಲ್ಲ ಎಂದು ತಿಳಿಯಲು ಮೇಷ್ಟ್ರಿಗೆ ಒಂದು ನಿಮಿಷ ಸಾಕು. ಆದರೆ ಆ ನಿಮಿಷ ಅವಳನ್ನು ಬೇರೆಯಾಗಿ ಕರೆದು ಕೇಳಬೇಕು, ಎಲ್ಲರೆದುರು ಕೇಳಬಾರದು. ಇತ್ತೀಚೆಗೆ ಇದಕ್ಕೆ ವಾಟ್ಸಾಪ್ ಗುಂಪೂ ಸೇರಿಕೊಂಡಿದೆ. ಅಪ್ಪನ ಫೋನು ರಾತ್ರಿ ಒಂಬತ್ತಕ್ಕೆ ಮಾತ್ರ ಕೈಗೆ ಸಿಗುವ ಮಗು ನೋಡುವಷ್ಟರಲ್ಲಿ ತೀರ್ಮಾನವೆಲ್ಲ ಆಗಿಹೋಗಿರುತ್ತದೆ.

ಆದ್ದರಿಂದ ನನ್ನ ಮೊದಲ ಬೇಡಿಕೆ ಇದು: ಗುಂಪಿನ ಕೆಲಸ ಶಾಲೆಯೊಳಗೆ, ಶಾಲೆಯ ಅವಧಿಯಲ್ಲೇ ನಡೆಯಲಿ. ವಾರಕ್ಕೆ ಎರಡು ಪೀರಿಯಡ್ ಕೊಟ್ಟರೂ ಸಾಕು. ಅಂಗಡಿಯಿಂದ ಏನನ್ನೂ ಕೊಳ್ಳಬಾರದು, ಹಳೆಯ ರಟ್ಟು, ಕ್ಯಾಲೆಂಡರಿನ ಹಿಂಬದಿ, ಶಾಲೆಯಲ್ಲಿರುವ ಬಣ್ಣ ಇಷ್ಟರಲ್ಲೇ ಆಗಬೇಕು ಎಂದು ನಿಯಮ ಮಾಡಿ. ಮಾಡೆಲ್ ಸ್ವಲ್ಪ ಮಂಕಾಗಿ ಕಂಡರೆ ಕಾಣಲಿ. ಅಪ್ಪ ಅಂಟಿಸಿಕೊಟ್ಟ, ಫ್ಯಾನ್ಸಿ ಸ್ಟೋರಿನ ಹೊಳಪಿನ ಮಾಡೆಲ್ಲುಗಳಿಗೆ ಬಹುಮಾನ ಕೊಟ್ಟು ಕೊಟ್ಟು ನಾವು ಮಕ್ಕಳ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಂಡಿದ್ದೇವೆ. ಇಷ್ಟು ಮಾಡಿದರೆ ಸ್ಟಾಫ್‌ರೂಮಿಗೆ ಬರುವ ದೂರು ಅರ್ಧಕ್ಕರ್ಧ ಇಳಿಯುತ್ತದೆ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಉಳಿದ ಅರ್ಧದಲ್ಲಿ ಕಠಿಣವಾದದ್ದು ಯಾರ ಮಾತು ನಡೆಯುತ್ತದೆ ಎಂಬುದು. ಪ್ರತಿ ಗುಂಪಿನಲ್ಲೂ ಒಬ್ಬ ‘ಜಾಣ’ ಇರುತ್ತಾನೆ. ಅವನು ಗಣಿತದಲ್ಲಿ ಮೊದಲು, ಅಥವಾ ಇಂಗ್ಲಿಷ್ ಚೆನ್ನಾಗಿ ಆಡುತ್ತಾನೆ. ಕೆರೆಯ ಬಗ್ಗೆ ಪ್ರಾಜೆಕ್ಟ್ ಇದ್ದರೂ ಅವನ ಮಾತೇ ಕೊನೆ. ದಿನವೂ ಕೆರೆಯ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುವ ಹುಡುಗನಿಗೆ ತೂಬು ಎಲ್ಲಿ ಒಡೆದಿದೆ, ಕೋಡಿ ಯಾವ ವರ್ಷ ಬಿದ್ದಿತ್ತು ಎಂದು ಗೊತ್ತು. ಆದರೆ ಅವನು ಬಾಯಿ ತೆರೆದರೆ ಯಾರೂ ತಲೆ ಎತ್ತುವುದಿಲ್ಲ. ಹುಡುಗಿಯರಿಗೆ ಅಂದವಾಗಿ ಬರೆಯುವ, ಅಂಚಿಗೆ ಹೂವು ಬಿಡಿಸುವ ಕೆಲಸ. ಮುಂದೆ ನಿಂತು ವಿವರಿಸುವವನು ಹುಡುಗ. ಇದನ್ನು ಯಾರೂ ನಿರ್ಧರಿಸಿರುವುದಿಲ್ಲ, ಆದರೂ ಹಾಗೇ ಆಗುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞೆ ತಮ್ಮ ವೃತ್ತಿಜೀವನದ ದೊಡ್ಡ ಭಾಗವನ್ನು ಈ ಪ್ರಶ್ನೆಗೇ ಕೊಟ್ಟರು. ಮಕ್ಕಳು ಒಬ್ಬರನ್ನೊಬ್ಬರು ಅಳೆಯುವುದು ಓದುವ, ಬರೆಯುವ ಸಾಮರ್ಥ್ಯದಿಂದ, ಜತೆಗೆ ಹೊರಗಿನ ಸಮಾಜದಲ್ಲಿ ಅವರವರಿಗಿರುವ ಸ್ಥಾನದಿಂದ. ಆ ಅಳತೆಯಲ್ಲಿ ಕೆಳಗಿರುವ ಮಗು ಮಾತಾಡುವುದೂ ಕಡಿಮೆ, ಆದ್ದರಿಂದ ಕಲಿಯುವುದೂ ಕಡಿಮೆ. ಇದಕ್ಕೆ ಕೋಹೆನ್ ಹೇಳಿದ ಕ್ರಮ ನನಗೆ ತುಂಬ ಹಿಡಿಸಿದೆ. ಶಿಕ್ಷಕರು ಗುಂಪುಗಳ ನಡುವೆ ಓಡಾಡುತ್ತ ತನ್ನ ಮಾತಿಗೆ ಬೆಲೆ ಸಿಗದ ಮಗುವನ್ನು ಗಮನಿಸುತ್ತಿರಬೇಕು. ಆ ಮಗು ನಿಜವಾಗಿಯೂ ಕೆಲಸಕ್ಕೆ ಬರುವ ಒಂದು ಮಾತು ಹೇಳಿದ ಕೂಡಲೇ ಅದನ್ನು ಎಲ್ಲರೆದುರು, ಏನು ಚೆನ್ನಾಗಿದೆ, ಏಕೆ ಚೆನ್ನಾಗಿದೆ ಎಂದು ಬಿಡಿಸಿ ಹೇಳಬೇಕು. ‘ವೆರಿ ಗುಡ್’ ಎಂದು ಬೆನ್ನು ತಟ್ಟಿದರೆ ಏನೂ ಆಗುವುದಿಲ್ಲ. ‘ತೂಬು ಒಡೆದಿದ್ದರಿಂದಲೇ ನೀರು ನಿಲ್ತಿಲ್ಲ ಅಂತ ಇವನು ಹೇಳಿದ ಕಾರಣ ನಿಮ್ಮ ನಕ್ಷೆಯಲ್ಲಿ ಎಲ್ಲೂ ಇಲ್ಲ, ಅದಿಲ್ಲದೆ ನಿಮ್ಮ ಲೆಕ್ಕ ಕೂಡಲ್ಲ’ ಎಂದರೆ ಗುಂಪು ಆ ಹುಡುಗನ ಕಡೆ ತಿರುಗುತ್ತದೆ. ಇಲ್ಲಿ ಸುಳ್ಳು ಹೊಗಳಿಕೆ ನಡೆಯದು. ಮಕ್ಕಳು ಅದನ್ನು ತಕ್ಷಣ ಹಿಡಿಯುತ್ತಾರೆ.

ಇದಕ್ಕೆ ಪೂರಕವಾದ ಕೆಲಸ ಮಕ್ಕಳದೇ. ಇಂಗ್ಲೆಂಡಿನಲ್ಲಿ ನೀಲ್ ಮರ್ಸರ್ ಮತ್ತು ಸಂಗಡಿಗರು ಪ್ರಾಥಮಿಕ ಶಾಲೆಯ ಮಕ್ಕಳೊಂದಿಗೆ ಕೂತು, ಗುಂಪಿನಲ್ಲಿ ಹೇಗೆ ಮಾತಾಡಬೇಕು ಎಂಬ ನಿಯಮಗಳನ್ನು ಅವರಿಂದಲೇ ಮಾಡಿಸಿ ಅಭ್ಯಾಸ ಮಾಡಿಸಿದರು. ಆ ಮಕ್ಕಳು ಒಗಟಿನಂಥ ತರ್ಕದ ಪ್ರಶ್ನೆಗಳನ್ನು ಗುಂಪಿನಲ್ಲಿ ಮೊದಲಿಗಿಂತ ಚೆನ್ನಾಗಿ ಬಿಡಿಸಿದರು. ಒಬ್ಬೊಬ್ಬರೇ ಕೂತು ಬಿಡಿಸುವಾಗಲೂ ಅವರ ಫಲಿತಾಂಶ ಸುಧಾರಿಸಿತ್ತು. ಗಟ್ಟಿಯಾಗಿ ಕಾರಣ ಕೊಟ್ಟು ಮಾತಾಡಿ ಅಭ್ಯಾಸವಾದ ಮಗು ಒಳಗೊಳಗೇ ಯೋಚಿಸುವಾಗಲೂ ಕಾರಣ ಕೇಳಿಕೊಳ್ಳುತ್ತದೆ. ನಮ್ಮ ಮಕ್ಕಳಿಗೆ ಬೇಕಾದ ವಾಕ್ಯಗಳು ನಾಲ್ಕೈದೇ. ‘ನೀನು ಹೇಳಿದ್ದು ನನಗೆ ಹೀಗೆ ಅರ್ಥ ಆಯ್ತು, ಸರಿಯಾ?’ ‘ಹಾಗೆ ಯಾಕೆ ಅನ್ನಿಸ್ತು?’ ‘ಅದಕ್ಕೆ ಏನು ಆಧಾರ?’ ‘ನಾನು ಒಪ್ಪಲ್ಲ, ಯಾಕೆ ಅಂದ್ರೆ...’ ಇವನ್ನು ಗೋಡೆಗೆ ಬರೆದು ಅಂಟಿಸಿದರೆ ಸಾಲದು. ಮೇಷ್ಟ್ರು ಸ್ವತಃ ಪಾಠದ ನಡುವೆ ಮಕ್ಕಳ ಜತೆ ಹೀಗೇ ಮಾತಾಡಬೇಕು. ‘ನಾನು ಒಪ್ಪಲ್ಲ ಸಾರ್’ ಎಂದು ಹುಡುಗಿಯೊಬ್ಬಳು ಎದ್ದು ಹೇಳಿದಾಗ ಅವರ ಮುಖ ಗಂಟಿಕ್ಕಿದರೆ ಗೋಡೆಯ ಮೇಲಿನ ಅಕ್ಷರ ಯಾವ ಉಪಯೋಗಕ್ಕೂ ಬರುವುದಿಲ್ಲ.

ಈಗ ಮಾಡೆಲ್ ಬೇಕೋ ನಾಟಕ ಬೇಕೋ ಎಂಬ ತರದ ಪಟ್ಟುಗಳು. ಇಂಥಲ್ಲಿ ಮತ ಹಾಕಿಸಿ ಮುಗಿಸುವುದು ನಮ್ಮ ರೂಢಿ. ನಾಲ್ವರಲ್ಲಿ ಮೂವರು ಗೆದ್ದರೆ ಸೋತವನು ಮುಂದಿನ ಎರಡು ವಾರ ಕೈಕಟ್ಟಿ ಕೂರುತ್ತಾನೆ. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರ ಒಂದು ಉಪನ್ಯಾಸದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ತೋರಿಸಿದ್ದರು. ಹಾರ್ವರ್ಡ್ ಗ್ರಂಥಾಲಯದ ಚಿಕ್ಕ ಕೋಣೆಯೊಂದರಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಫಾಲೆಟ್ ಅವರಿಗೆ ಮುಚ್ಚಿರಬೇಕಿತ್ತು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಗಾಳಿ, ಫಾಲೆಟ್ ಅವರಿಗೆ ಬೇಡವಾಗಿದ್ದದ್ದು ನೇರವಾಗಿ ಮೈಮೇಲೆ ಬೀಸುವ ಥಂಡಿ. ಕಿಟಕಿಯನ್ನು ಅರ್ಧ ತೆರೆಯುವ ರಾಜಿ ಮಾಡಿಕೊಂಡಿದ್ದರೆ ಇಬ್ಬರಿಗೂ ಬೇಕಾದ್ದು ಸಿಗುತ್ತಿರಲಿಲ್ಲ.

ಮಕ್ಕಳ ಗುಂಪಿಗೆ ಇದನ್ನು ಹಾಗೇ ತರಬಹುದು. ನಾಟಕ ಬೇಡ ಎನ್ನುವವನನ್ನು ಏಕೆ ಬೇಡ ಎಂದು ಕೇಳಿ. ಇಡೀ ಶಾಲೆಯ ಮುಂದೆ ಮಾತಾಡಲು ಅವನಿಗೆ ಭಯ. ಮಾಡೆಲ್ ಬೇಡ ಎನ್ನುವವಳಿಗೆ ಕಳೆದ ಸಲ ಬಸ್ಸಿನಲ್ಲಿ ತರುವಾಗ ಮುರಿದುಹೋದ ನೆನಪು. ಈ ಎರಡು ಕಾರಣ ಹೊರಬಿದ್ದ ಮೇಲೆ ಗೊಂಬೆಯಾಟ ಆಡೋಣವೇ, ಪರದೆಯ ಹಿಂದೆ ನಿಂತು ಮಾತಾಡಬಹುದಲ್ಲ ಎಂದು ಅವರಲ್ಲೇ ಯಾರಾದರೂ ಹೇಳುತ್ತಾರೆ. ಅದನ್ನು ಮೇಷ್ಟ್ರು ಹೇಳಬಾರದು. ಹೇಳಲು ನಾಲಿಗೆ ತುಡಿಯುತ್ತದೆ, ಆದರೂ ತಡೆದುಕೊಳ್ಳಬೇಕು. ಪ್ರತಿಯೊಬ್ಬರೂ ಎದುರಿನವರ ಕಾರಣವನ್ನು ತಮ್ಮ ಬಾಯಲ್ಲಿ ಹೇಳಿದರೇ ಎಂಬುದನ್ನಷ್ಟೇ ಅವರು ನೋಡಿಕೊಂಡರೆ ಸಾಕು.

ನಿಜವಾದ ಸಂಪತ್ತು ಇರುವುದು ವಿಷಯದ ಬಗ್ಗೆಯೇ ಬರುವ ಭಿನ್ನಾಭಿಪ್ರಾಯದಲ್ಲಿ. ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಒಂಬತ್ತನೇ ತರಗತಿಯ ಗುಂಪನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಆ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ನಾಡಿನಲ್ಲಿ ಕೆರೆ ತುಂಬಿತು, ಕೊಳವೆಬಾವಿಗಳಿಗೆ ಜೀವ ಬಂತು ಎಂದು ಸಂತೋಷಪಡುವವರಿದ್ದಾರೆ. ಎರಡನೇ ಹಂತದವರೆಗೆ ಮಾತ್ರ ಶುದ್ಧವಾದ ನೀರು ಅಂತರ್ಜಲಕ್ಕೆ ಇಳಿಯುವುದು ಅಪಾಯ, ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಎಂದು ಹೋರಾಡಿದವರೂ ಇದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈಗ ‘ನಮ್ಮೂರ ಕೆರೆ’ ಎಂಬ ಪ್ರಾಜೆಕ್ಟಿಗೆ ಕೂತ ನಾಲ್ವರಲ್ಲಿ ಒಬ್ಬನ ಅಪ್ಪ ಟೊಮೆಟೊ ಬೆಳೆಯುತ್ತಾರೆ, ಒಬ್ಬಳ ಅಮ್ಮ ಡೇರಿಗೆ ಹಾಲು ಹಾಕುತ್ತಾರೆ. ಕೆರೆಯ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಅಲ್ಲಿ ಮನೆಯ ಅನ್ನದ ಮಾತು. ಜಗಳ ಬರುತ್ತದೆ, ಬರಲೇಬೇಕು.

ಹೆಚ್ಚಿನ ಶಾಲೆಗಳಲ್ಲಿ ಇಂಥ ವಿಷಯ ಬೇಡ, ‘ನೀರಿನ ಮಹತ್ವ’ ಎಂದು ಬರೆಯಿರಿ ಎನ್ನುತ್ತಾರೆ. ನನಗೆ ಬೇಸರ ತರುವುದು ಇದೇ. ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಎಂಬ ಅಣ್ಣತಮ್ಮಂದಿರು ಇಂಥ ವಿಷಯಗಳಿಗೆಂದೇ ಒಂದು ಕ್ರಮ ರೂಪಿಸಿದ್ದಾರೆ. ನಾಲ್ವರ ಗುಂಪನ್ನು ಇಬ್ಬಿಬ್ಬರಾಗಿ ಮಾಡಿ ಒಂದು ಜೋಡಿಗೆ ಪರ, ಇನ್ನೊಂದಕ್ಕೆ ವಿರೋಧ ಕೊಡುತ್ತಾರೆ. ಎರಡೂ ಜೋಡಿ ಆಧಾರ ಹುಡುಕಿ ವಾದ ಮಂಡಿಸುತ್ತವೆ, ಪರಸ್ಪರ ಪ್ರಶ್ನಿಸುತ್ತವೆ. ಆಮೇಲೆ ಪಕ್ಷ ಬದಲಾಗುತ್ತದೆ. ಇಷ್ಟು ಹೊತ್ತು ವಿರೋಧಿಸಿದವರು ಈಗ ಪರವಾಗಿ, ಮೊದಲಿನವರಿಗಿಂತ ಚೆನ್ನಾಗಿ ವಾದಿಸಬೇಕು. ಕೊನೆಗೆ ನಾಲ್ವರೂ ಪಕ್ಷ ಬಿಟ್ಟು ಒಂದೇ ವರದಿ ಬರೆಯಬೇಕು. ಕರಾವಳಿ, ಮಲೆನಾಡಿನ ಓದುಗರಿಗೆ ಇದು ತಾಳಮದ್ದಳೆಯನ್ನು ನೆನಪಿಸಬಹುದು. ಕೃಷ್ಣಸಂಧಾನದಲ್ಲಿ ಇಂದು ಕೌರವನ ಅರ್ಥ ಹೇಳಿದ ಕಲಾವಿದರೇ ಇನ್ನೊಂದು ರಾತ್ರಿ ಕೃಷ್ಣನಾಗಿ ಕೂರುತ್ತಾರೆ. ಎರಡೂ ಕಡೆಯ ನ್ಯಾಯ ಒಳಗಿಂದ ಗೊತ್ತಿದ್ದವರ ಮಾತಿಗೆ ಬರುವ ತೂಕವನ್ನು ಆ ಸಭೆಯಲ್ಲಿ ಕೂತು ಕೇಳಿದವರು ಬಲ್ಲರು.

ಕೋಲಾರದ ಆ ಗುಂಪಿನಲ್ಲೂ ಹೀಗೆ ಪಕ್ಷ ಬದಲಿಸಿದ ಮಕ್ಕಳು ಹೊಸ ಆಧಾರ ಹುಡುಕಲು ಹೊರಡುತ್ತಾರೆ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಬಂದಿರುವ ನೀರು ಪರೀಕ್ಷೆಯ ಕಿಟ್ ಬಳಸಿ, ಪಂಚಾಯಿತಿಯವರ ಸಹಾಯದಿಂದ, ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡಬಹುದು. ಆ ಕಿಟ್ಟಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ತಿಳಿಯವು, ಅದಕ್ಕೆ ಪ್ರಯೋಗಾಲಯವೇ ಬೇಕು ಎಂದು ಗೊತ್ತಾದಾಗ ಎರಡೂ ಕಡೆಯವರು ಒಟ್ಟಿಗೆ ಒಂದು ಗೋಡೆಯ ಮುಂದೆ ನಿಲ್ಲುತ್ತಾರೆ. ‘ನಮ್ಮ ಪರೀಕ್ಷೆಯಿಂದ ಇಷ್ಟು ಹೇಳಬಹುದು, ಇಷ್ಟನ್ನು ಹೇಳಲಾಗದು’ ಎಂದು ಬರೆಯುವ ಹೊತ್ತಿಗೆ ಜಗಳ ಎಲ್ಲೋ ಕರಗಿ ವಿಜ್ಞಾನ ಶುರುವಾಗಿರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಎಲ್ಲ ಜಗಳವೂ ಭಿನ್ನಾಭಿಪ್ರಾಯವಲ್ಲ. ಜಾತಿ ಹಿಡಿದು ಹೀಯಾಳಿಸುವುದು, ಬಣ್ಣ, ದೇಹ, ಅಂಗವೈಕಲ್ಯ ಹಿಡಿದು ಅಡ್ಡಹೆಸರಿಡುವುದು, ಹುಡುಗಿಯ ಫೋಟೊ ವಾಟ್ಸಾಪ್ ಗುಂಪಿನಲ್ಲಿ ಹಾಕಿ ನಗುವುದು, ಒಬ್ಬನನ್ನು ಎಲ್ಲರೂ ಸೇರಿ ಮಾತು ಬಿಟ್ಟು ಹೊರಗಿಡುವುದು, ಇವೆಲ್ಲ ಹಿಂಸೆ. ಇಲ್ಲಿ ‘ಇಬ್ಬರೂ ಕೂತು ಮಾತಾಡಿಕೊಳ್ಳಿ’ ಎನ್ನುವುದು ನೊಂದ ಮಗುವಿಗೆ ಮಾಡುವ ಎರಡನೇ ಅನ್ಯಾಯ. ಮುಖ್ಯ ಶಿಕ್ಷಕರು ಅದೇ ದಿನ ಕೈಹಾಕಬೇಕು, ಮನೆಯವರನ್ನು ಕರೆಸಬೇಕು, ಆ ಮಗುವನ್ನು ಅದೇ ಗುಂಪಿನಲ್ಲಿ ಮುಂದುವರಿಯೆಂದು ಒತ್ತಾಯಿಸಬಾರದು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ.

ಪೋಷಕರಿಗೂ ಒಂದು ಮಾತು. ಮಗ ಮುಖ ಊದಿಸಿಕೊಂಡು ಬಂದ ಕೂಡಲೇ ಇನ್ನೊಬ್ಬ ಹುಡುಗನ ಅಮ್ಮನಿಗೆ ಫೋನ್ ಮಾಡಬೇಡಿ. ‘ಅವನು ಏನು ಹೇಳಿದ? ಅದಕ್ಕೆ ಅವನು ಕೊಟ್ಟ ಕಾರಣ ಏನು?’ ಎಂದು ಕೇಳಿ. ಕಾರಣ ಗೊತ್ತಿಲ್ಲ ಎಂದರೆ ನಾಳೆ ಹೋಗಿ ಕೇಳಿಕೊಂಡು ಬರಲಿ.

ಇಷ್ಟೆಲ್ಲ ಆದಮೇಲೂ ಗುಂಪಿನಲ್ಲಿ ಒಬ್ಬಳು ಒಪ್ಪದೇ ಉಳಿಯಬಹುದು. ಅವಳನ್ನು ಬಲವಂತವಾಗಿ ಒಪ್ಪಿಸಬಾರದು. ನ್ಯಾಯಾಲಯಗಳಲ್ಲಿ ಇದಕ್ಕೊಂದು ಗೌರವದ ಜಾಗವಿದೆ. ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವರಿಗೆ ನ್ಯಾಯಾಲಯದ ಮೊರೆ ಹೋಗುವ ಹಕ್ಕಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟಾಗ ಎಚ್.ಆರ್. ಖನ್ನಾ ಒಬ್ಬರೇ ಒಪ್ಪದೆ ಬೇರೆ ತೀರ್ಪು ಬರೆದರು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ಬಹುಮತದ ತೀರ್ಪನ್ನು ತಳ್ಳಿಹಾಕಿತು. ನಲವತ್ತು ವರ್ಷ ಆ ಒಂಟಿ ತೀರ್ಪು ಕಡತದಲ್ಲಿ ಉಳಿದಿದ್ದು ಅದನ್ನು ಬರೆಯಲು ಅವಕಾಶವಿದ್ದದ್ದರಿಂದ.

ಮಕ್ಕಳ ವರದಿಯ ಕೊನೆಗೂ ಹಾಗೊಂದು ಪುಟ ಇರಲಿ. ಉಳಿದ ಮೂವರ ತೀರ್ಮಾನದಲ್ಲಿ ತಾನು ಯಾವುದನ್ನು ಒಪ್ಪುತ್ತೇನೆ, ಯಾವುದನ್ನು ಒಪ್ಪುವುದಿಲ್ಲ, ಅದಕ್ಕೆ ತನ್ನ ಆಧಾರವೇನು ಎಂದು ಅವಳು ಬರೆಯಲಿ, ಮೂವರೂ ಓದಿ ಕೆಳಗೆ ಸಹಿ ಹಾಕಲಿ. ಆ ಪುಟ ಇದ್ದರೂ ಇಲ್ಲದಿದ್ದರೂ ಗುಂಪಿನ ಅಂಕ ಅಷ್ಟೇ ಎಂದು ಮೊದಲೇ ಹೇಳಿರಬೇಕು, ಇಲ್ಲವಾದರೆ ಅಂಕಕ್ಕಾಗಿ ಜಗಳ ಹುಟ್ಟಿಸುವವರೂ ಬರುತ್ತಾರೆ, ಅಂಕಕ್ಕಾಗಿ ಅವಳ ಬಾಯಿ ಮುಚ್ಚಿಸುವವರೂ ಬರುತ್ತಾರೆ. ವರದಿ ಮಂಡಿಸುವ ದಿನ ಆ ಪುಟವನ್ನು ಅವಳೇ ಓದಲಿ, ತರಗತಿ ಅವಳಿಗೂ ಪ್ರಶ್ನೆ ಕೇಳಲಿ.